ಹೆಂಡ ತೊಳೆದ ಅರಮನೆ

ಬನ್ನಿ, ಹತ್ತಿರ ಬನ್ನಿ. ಎಲೆಯಡಿಕೆ ಹಾಕುವವರು ಹಾಕಿಕೊಳ್ಳಿ, ಕಾಲು ಚಾಚುವವರು ಚಾಚಿಕೊಳ್ಳಿ. ನಿದ್ದೆ ಬರುವವರು ಈಗಲೇ ಎದ್ದು ಹೋಗಿ, ನಡುವೆ ಗೊರಕೆ ಹೊಡೆದರೆ ಕಥೆ ಸಿಟ್ಟಾಗುತ್ತದೆ.

ಸೂರ್ಯ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಮುಳುಗುವ ಒಂದು ದೇಶವಿತ್ತು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿಯವರು ಬಂದು "ನಮ್ಮ ರಾಜ ಹಾಗಿರಲಿಲ್ಲ" ಎಂದು ಜಗಳ ತೆಗೆಯುತ್ತಾರೆ. ಹೇಳದಿದ್ದರೆ ಎಲ್ಲರೂ ಪಕ್ಕದ ದೇಶದ ಕಥೆ ಎಂದುಕೊಂಡು ಸುಖವಾಗಿ ನಗುತ್ತಾರೆ.

ಆ ದೇಶಕ್ಕೊಬ್ಬ ರಾಜ. ರಾಜನಿಗೊಂದು ಅರಮನೆ. ಅರಮನೆಗೊಂದು ಬಾಗಿಲು. ಬಾಗಿಲಿಗೊಂದು ನಿಯಮ. ಇವರಲ್ಲಿ ದೊಡ್ಡವರು ಯಾರು ಅಂದುಕೊಂಡಿರಿ, ರಾಜನೇ? ಅಲ್ಲ. ನಿಯಮ.

ಏನು ನಿಯಮ? ಬಾಗಿಲು ದಾಟಿ ಒಳಗೆ ಬರುವುದನ್ನೆಲ್ಲ ಮೂರು ನೀರಲ್ಲಿ ತೊಳೆಯಬೇಕು. ಮೊದಲು ಅರಿಶಿನದ ನೀರು, ಆಮೇಲೆ ಅಂಟುವಾಳದ ನೊರೆನೀರು, ಕೊನೆಗೆ ಪನ್ನೀರು. ರಾಜನ ಅಜ್ಜನಿಗೆ ಒಂದು ದಿನ ಪಾಯಸದಲ್ಲಿ ಇರುವೆ ಸಿಕ್ಕಿತ್ತಂತೆ. ಒಂದೇ ಒಂದು ಇರುವೆ. ಇರುವೆ ಸತ್ತು ಅರವತ್ತು ವರ್ಷವಾಗಿತ್ತು, ಅಜ್ಜ ಸತ್ತು ನಲವತ್ತು ವರ್ಷವಾಗಿತ್ತು, ನಿಯಮ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿತ್ತು.

ಅಕ್ಕಿ ಬಂದರೆ ತೊಳೆದರು, ಸರಿ. ಆನೆ ಬಂದರೆ ತೊಳೆದರು, ಅದೂ ಸರಿ. ಉಪ್ಪು ಬಂದರೆ? ತೊಳೆದರು. ಹೊರಗೆ ಉಪ್ಪಿನ ಮೂಟೆಯಾಗಿದ್ದದ್ದು ಒಳಗೆ ಬರುವ ಹೊತ್ತಿಗೆ ಬರೀ ಗೋಣಿಚೀಲವಾಗಿರುತ್ತಿತ್ತು. ಗಡಿಯಿಂದ ದಂಡನಾಯಕ ಓಲೆ ಬರೆಯುತ್ತಿದ್ದ: "ವೈರಿ ನುಗ್ಗಿದ್ದಾನೆ, ದಂಡು ಕಳಿಸಿ." ಬಾಗಿಲಲ್ಲಿ ಅದನ್ನೂ ತೊಳೆದು, ಹಿಂಡಿ, ಒಣಗಿಸಿ, ಮಡಚಿ ಒಳಗೆ ಕೊಡುತ್ತಿದ್ದರು. ರಾಜ ಹಿಂದೆ ಮುಂದೆ ತಿರುಗಿಸಿ ನೋಡಿ, "ಗಡಿಯಲ್ಲಿ ವಿಶೇಷವೇನಿಲ್ಲ" ಎಂದು ತಾಂಬೂಲಕ್ಕೆ ಕೈಹಾಕುತ್ತಿದ್ದ. ಅಷ್ಟು ಶಾಂತಿಯ ರಾಜ್ಯ ಭೂಮಿಯ ಮೇಲೆ ಬೇರೆ ಇರಲಿಲ್ಲ.

ಈ ತೊಳೆಯುವ ಕೆಲಸಕ್ಕೇ ಒಬ್ಬ ಮಂತ್ರಿ, ಚೊಕ್ಕರಸಯ್ಯ. ಬಿಳೀ ಪಂಚೆ, ಬಿಳೀ ಶಲ್ಯ, ನಡೆದರೆ ನೆಲಕ್ಕೆ ಉಪಕಾರ ಮಾಡಿದ ಹಾಗೆ ನಡೆಯುವ ಮನುಷ್ಯ. ಅವನ ಕೈಕೆಳಗೆ ನೂರು ಮಂದಿ ತೊಳೆಯುವವರು. ಅವರು ರಾಜನನ್ನು ತೊಳೆಯುತ್ತಿದ್ದರೋ? ಇಲ್ಲ. ರಾಜ ಹುಟ್ಟಿದ್ದು ಒಳಗೇ, ಬೆಳೆದದ್ದು ಒಳಗೇ, ಕಿರೀಟ ಹೊತ್ತದ್ದೂ ಒಳಗೇ. ಬಾಗಿಲು ದಾಟಿ ಹೊರಗೆ ಹೋದವನೇ ಅಲ್ಲ. ಹೋಗದವನು ಬರುವುದೆಲ್ಲಿ, ತೊಳೆಯುವುದೆಲ್ಲಿ? ಈ ಮಾತು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳಿ, ಆಮೇಲೆ ಬಿಚ್ಚೋಣ.

ಅರಮನೆಯ ಆಚೆ ಒಂದು ಹಳ್ಳ. ಹಳ್ಳದ ಆಚೆ ಕೆಂಪು ಮಣ್ಣಿನ ಇಳಿಜಾರು. ಇಳಿಜಾರಿನಲ್ಲಿ ಸಂಕವ್ವನ ದ್ರಾಕ್ಷಿ ತೋಟ, ಸರಿಯಾಗಿ ನಲವತ್ತು ಸಾಲು. ಗಂಡ ಸತ್ತ ಮೇಲೆ ಅತ್ತೆ ಸೊಸೆ ಸೇರಿ ಹಾಕಿದ ಬಳ್ಳಿಗಳು. ಈಗ ಅತ್ತೆಯೂ ಇಲ್ಲ. ಉಳಿದದ್ದು ಈ ನಲವತ್ತು ಸಾಲು, ಅತ್ತೆ ಬಿಟ್ಟುಹೋದ ಒಂದು ದೊಡ್ಡ ಮಣ್ಣಿನ ಗುಡಾಣ, ಮತ್ತೆ ಅವಳು ಹೇಳಿಕೊಟ್ಟ ಕೆಲಸ.

ಆ ತೋಟ ನೋಡಿದರೆ ನೀವು ನಗುತ್ತೀರಿ. ಊರವರೂ ನಗುತ್ತಿದ್ದರು. ಸಾಲಿನ ನಡುವೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ನಡುವೆ ಹುರುಳಿ, ಹುರುಳಿಯ ನಡುವೆ ಹೆಸರಿಲ್ಲದ ಹಳದಿ ಹೂವು. ಬಳ್ಳಿಯಿಂದ ಬಳ್ಳಿಗೆ ಜೇಡರ ಬಲೆ. ಸಂಕವ್ವ ಕಳೆ ಕೀಳುತ್ತಿರಲಿಲ್ಲ, ಕುರಿಗಾಹಿ ಮಾಳಿಂಗನನ್ನು ಕರೆಯುತ್ತಿದ್ದಳು. ಅವನ ಕುರಿಗಳು ಬಂದು ಹುಲ್ಲು ಮೇಯ್ದು, ತಿಂದದ್ದಕ್ಕೆ ಬದಲಾಗಿ ಹಿಕ್ಕೆ ಹಾಕಿ ಹೋಗುತ್ತಿದ್ದವು. ಎಲೆಗೆ ರೋಗ ತಗುಲಿದರೆ ಹುಳಿಮಜ್ಜಿಗೆ ಎರಚುತ್ತಿದ್ದಳು. ಹುಳ ಬಿದ್ದರೆ ಜೇಡ ನೋಡಿಕೊಳ್ಳುತ್ತಿತ್ತು. ಬೇಲಿಯ ಪಕ್ಕದ ಸಾಲು ಗಿಳಿಗಳಿಗೆ. ಅವು ಅದನ್ನು ತಿಂದು, ಉಳಿದದ್ದರ ಮೇಲೆ ಕಣ್ಣಿಟ್ಟು ಕೂರುತ್ತಿದ್ದವು, ನೆಂಟರ ಹಾಗೆ.

ಹೆಂಡ ಮಾಡುವುದು ಹೇಗೆ? ಹೊತ್ತು ಹುಟ್ಟುವಾಗ ಗೊನೆ ಕೊಯ್ಯುವಳು. ತೊಳೆಯುವಳೇ? ಇಲ್ಲ. ಹಣ್ಣಿನ ಮೈಮೇಲೆ ತೆಳ್ಳಗೆ ಬೂದಿ ಬಳಿದ ಹಾಗೆ ಇರುತ್ತದಲ್ಲ, ಅದನ್ನು ಬೆರಳಲ್ಲೂ ಒರೆಸುವವಳಲ್ಲ. ಕಲ್ಲುತೊಟ್ಟಿಯಲ್ಲಿ ಸುರಿದು, ಸೀರೆ ಎತ್ತಿಕಟ್ಟಿ, ಕಾಲಿನಿಂದ ತುಳಿಯುವಳು. ಸಿಪ್ಪೆ ಬೀಜ ಸಮೇತ ಗುಡಾಣಕ್ಕೆ ತುಂಬುವಳು. ಆ ಗುಡಾಣವನ್ನು ಬಿಸಿಲಿಗೆ ಒಣಗಿಸುವುದುಂಟು, ಉಜ್ಜುವುದಿಲ್ಲ. ಸಕ್ಕರೆ ಇಲ್ಲ, ಮದ್ದಿಲ್ಲ, ಮಂತ್ರವಿಲ್ಲ. ಮೂರನೆಯ ದಿನ ಕಿವಿ ಹಚ್ಚಿ ಕೇಳುವಳು. ಒಳಗಿನಿಂದ ಗುಳುಗುಳು, ಗುಳುಗುಳು. "ಮಾತಾಡಾಕತ್ತೈತಿ" ಎನ್ನುವಳು. ಅಷ್ಟೇ.

ಒಂದು ದಿನ ದೂರದೇಶದ ರಾಯಭಾರಿಯೊಬ್ಬ ಬಾಯಾರಿ ಆ ದಾರಿಯಲ್ಲಿ ಬಂದ. ಸಂಕವ್ವ ಒಂದು ಬಟ್ಟಲು ಕೊಟ್ಟಳು. ಕುಡಿದ. ಎರಡನೆಯದು ಕೇಳಿದ. ಮೂರನೆಯದಕ್ಕೆ ಕುದುರೆಯಿಂದ ಇಳಿದ. ಆಮೇಲೆ ಅರಮನೆಗೆ ಹೋಗಿ, ತೊಳೆಸಿಕೊಂಡು, ರಾಜನ ಮುಂದೆ ನಿಂತು ಹೇಳಿದ: "ದೊರೆಯೇ, ನಿಮ್ಮ ರಾಜ್ಯದಲ್ಲಿ ಎರಡು ನೋಡಿದೆ. ಒಂದು ಹಳ್ಳದಾಚೆಯ ದ್ರಾಕ್ಷಾರಸ. ಇನ್ನೊಂದು ನಿಮ್ಮ ಅರಮನೆ. ಊರಿಗೆ ಹೋಗುವಷ್ಟರಲ್ಲಿ ಒಂದನ್ನು ಮರೆತುಬಿಡುತ್ತೇನೆ."

ಯಾವುದನ್ನು ಎಂದು ಹೇಳುವ ಮೂರ್ಖ ರಾಯಭಾರಿಯಾಗುವುದಿಲ್ಲ. ರಾಜ ಚೊಕ್ಕರಸಯ್ಯನ ಕಡೆ ತಿರುಗಿ, "ತರಿಸಿ" ಎಂದ.

ಬಿದಿರಿನ ಗಳಕ್ಕೆ ಗುಡಾಣ ಕಟ್ಟಿ, ಒಂದು ತುದಿಗೆ ಮಾಳಿಂಗ, ಇನ್ನೊಂದು ತುದಿಗೆ ಸಂಕವ್ವ ಹೆಗಲು ಕೊಟ್ಟು ಬಾಗಿಲಿಗೆ ಬಂದರು. ತೊಳೆಯುವವರು ಮುಚ್ಚಳ ತೆಗೆದರು. ತಂಬಿಗೆ ಎತ್ತಿದರು.

ಸಂಕವ್ವ ಅಡ್ಡ ನಿಂತಳು. "ಅಯ್ಯ ನನ್ನಪ್ಪಗಳಿರಾ, ಏನ್ ಮಾಡ್ತೀರಿ? ಅದು ಹೆಂಡ!"

"ಒಳಗೆ ಬರುವುದೆಲ್ಲ ಮೂರು ನೀರು."

"ಗುಡಾಣ ತೊಳೀರಿ, ನನ್ನ ಕೈ ತೊಳೀರಿ. ಹೆಂಡ ಹೆಂಗ್ ತೊಳೀತೀರಿ?"

"ಹೀಗೆ" ಎಂದರು. ಸುರಿದರು. ಒಂದು ಕೊಡ ಅರಿಶಿನ, ಒಂದು ಕೊಡ ಅಂಟುವಾಳ, ಒಂದು ಕೊಡ ಪನ್ನೀರು. ಮೇಲಿನಿಂದ ಸುರಿದ ಹಾಗೆಲ್ಲ ಹೆಂಡ ತುಳುಕಿ ಕೆಳಗೆ ಹರಿಯಿತು. ಮಾಳಿಂಗ ಬಗ್ಗಿ, ಹರಿಯುತ್ತಿದ್ದದ್ದಕ್ಕೆ ಬೊಗಸೆ ಒಡ್ಡಿದ. ಅವನೊಬ್ಬ ಬುದ್ಧಿವಂತ.

ಒಳಗೆ ರಾಜ ಚಿನ್ನದ ಬಟ್ಟಲೆತ್ತಿ ಒಂದು ಗುಟುಕು ಕುಡಿದ. ಮೂಗಿನಿಂದ ಒಂದು ಗುಳ್ಳೆ ಬಂತು. ಬಾಯಿ ತೆರೆದ, ಎರಡು ಗುಳ್ಳೆ ಬಂದವು. ಸೀನಿದ, ಸಭೆ ತುಂಬ ಗುಳ್ಳೆ. ಆಸ್ಥಾನದವರು "ಆಹಾ, ಪ್ರಭುಗಳ ಸೀನಿನಲ್ಲೂ ಎಂಥ ಕಾಂತಿ!" ಎಂದು ಚಪ್ಪಾಳೆ ತಟ್ಟಿದರು. ಆ ಕಹಿ, ಆ ಜಿಡ್ಡು, ಗಂಟಲಲ್ಲಿ ಪೂಜೆಮನೆಯನ್ನೇ ನುಂಗಿದ ಹಾಗಿನ ಘಮ ರಾಜನ ನಾಲಿಗೆ ಬಿಟ್ಟು ಮೂರು ದಿನ ಹೋಗಲಿಲ್ಲ.

"ಇದು ಮದ್ಯವೋ, ಬಟ್ಟೆ ಒಗೆದ ನೀರೋ?" ಎಂದ.

"ಹೊಲಸು ತೋಟದ ಪಾನೀಯ, ಪ್ರಭು" ಎಂದ ಚೊಕ್ಕರಸಯ್ಯ. "ತೋಟವನ್ನೇ ಶುದ್ಧ ಮಾಡಿಸಬೇಕು."

ಪಂಚೆಯನ್ನು ಎರಡು ಬೆರಳಲ್ಲಿ ಹಿಡಿದು ಚೊಕ್ಕರಸಯ್ಯ ತೋಟಕ್ಕೆ ಬಂದ. ಹುಲ್ಲು ನೋಡಿ "ಅಬ್ಬಾ" ಎಂದ. ಜೇಡ ನೋಡಿ "ಅಬ್ಬಬ್ಬಾ" ಎಂದ. ಕುರಿಹಿಕ್ಕೆ ತುಳಿದು ಏನೆಂದನೋ, ಅದು ಶುದ್ಧ ಮಾತಾಗಿರಲಿಲ್ಲ.

"ಎಲೌ ಹೆಂಗಸೇ, ಇದು ತೋಟವೋ ಕಾಡೋ?"

"ಬಳ್ಳಿಗೆ ಗೊತ್ತೈತ್ರಿ, ಅದು ತೋಟ ಅಂತ ತಿಳಕೊಂಡೈತಿ" ಎಂದಳು ಸಂಕವ್ವ.

"ನಾಲಿಗೆ ಬಿಗಿಹಿಡಿ. ಈ ನಲವತ್ತು ಸಾಲನ್ನು ಬುಡಸಹಿತ ಕೀಳಿಸುತ್ತೇನೆ. ನೆಲ ಕೆರೆಸಿ, ಸುಣ್ಣ ಹಾಕಿಸಿ, ಕಲ್ಲುಚಪ್ಪಡಿ ಹಾಸಿಸುತ್ತೇನೆ. ಒಂದು ಇರುವೆಗೂ ನಿಲ್ಲಲು ಜಾಗವಿರಬಾರದು."

ಮಾತಿಗೆ ಮಾತು ಕೊಡುವುದು ಸುಲಭ, ಬಳ್ಳಿಗೆ ಬಳ್ಳಿ ಯಾರು ಕೊಡುತ್ತಾರೆ? ಆರನೆಯ ಸಾಲಿನ ಮೊದಲ ಬಳ್ಳಿಗೆ ಅತ್ತೆ ಕಟ್ಟಿದ ಚಿಂದಿಬಟ್ಟೆಯ ಗಂಟು ಇನ್ನೂ ಹಾಗೇ ಇತ್ತು. ಸಂಕವ್ವ ಕೈಮುಗಿದಳು. "ಬುದ್ಧಿ, ನನ್ನ ಹೆಂಡ ಕೆಟ್ಟದ್ದಲ್ಲ. ಒಂದು ಅವಕಾಶ ಕೊಡ್ರಿ."

ಚೊಕ್ಕರಸಯ್ಯನಿಗೆ ಖುಷಿಯಾಯಿತು. ಬೇಡುವವರು ಸಿಕ್ಕರೆ ಮಂತ್ರಿಗಳಿಗೆ ಊಟ ಜೀರ್ಣವಾಗುತ್ತದೆ. "ಆಗಲಿ. ಈ ಸುಗ್ಗಿಯ ಹಣ್ಣಿನಿಂದಲೇ ಪ್ರಭುಗಳು ಮೆಚ್ಚುವ ದ್ರಾಕ್ಷಾರಸ ಮಾಡಿಕೊಡು. ಆಗದಿದ್ದರೆ ಸುಣ್ಣ."

ತೋಟದಲ್ಲಿ ಕೆಳಗಿನ ಸಾಲು ಮೊದಲು ಹಣ್ಣಾಗುತ್ತದೆ, ನಡುವಿನ ಸಾಲು ಆಮೇಲೆ, ಮೇಲಿನ ಸಾಲು ಕೊನೆಗೆ. ಅಂದರೆ ಅವಳ ಕೈಯಲ್ಲಿದ್ದದ್ದು ಮೂರು ಕೊಯ್ಲು, ಮೂರೇ.

ಮೊದಲ ಕೊಯ್ಲಿಗೆ ಸಂಕವ್ವ ಹೆಂಡ ಕಳಿಸಲಿಲ್ಲ, ಹಣ್ಣನ್ನೇ ಕಳಿಸಿದಳು. "ನಿಮ್ಮ ಅಡುಗೆಯವರೇ ತುಳೀಲಿ, ನಿಮ್ಮ ಪಾತ್ರೆಯೊಳಗೇ ಇಡ್ರಿ. ಆದ್ರ ಹಣ್ಣು ತೊಳೀಬ್ಯಾಡ್ರಿ" ಎಂದು ಬಾಗಿಲಲ್ಲಿ ನಿಂತು ಬೇಡಿದಳು.

"ಒಳಗೆ ಬರುವುದೆಲ್ಲ ಮೂರು ನೀರು."

ಒಂದೊಂದೇ ಹಣ್ಣನ್ನು ರೇಷ್ಮೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೊಳೆದರು. ಹಣ್ಣು ಮಣಿಯ ಹಾಗೆ ಹೊಳೆಯಿತು. ಆಸ್ಥಾನದ ಕವಿ ಅದರ ಮೇಲೆ ಮೂವತ್ತು ಪದ್ಯ ಬರೆದ. ರಸ ತೆಗೆದು ಬೆಳ್ಳಿಯ ಹಂಡೆಯಲ್ಲಿಟ್ಟರು. ಮೂರು ದಿನವಾಯಿತು, ಸದ್ದಿಲ್ಲ. ಆರು ದಿನವಾಯಿತು, ನೊರೆಯಿಲ್ಲ. ಒಂಬತ್ತನೆಯ ದಿನ ಮೇಲೆ ಹಸಿರು ಬೂಷ್ಟು ಕಟ್ಟಿತು. ಕವಿ ಅದರ ಮೇಲೆ ಬರೆಯಲಿಲ್ಲ.

ಹದಿಮೂರು ಸಾಲು ಹೋಯಿತು.

ಎರಡನೆಯ ಕೊಯ್ಲಿಗೆ ಸಂಕವ್ವ ಯೋಚಿಸಿದಳು. ಹಣ್ಣು ತೊಳೆದರೂ ತೊಳೆಯಲಿ, ಅತ್ತೆಯ ಗುಡಾಣದ ಗೋಡೆಯಲ್ಲಿ ಇಪ್ಪತ್ತು ಸುಗ್ಗಿಯ ವಾಸನೆ ಕೂತಿದೆ, ಅದು ರಸವನ್ನು ಎಬ್ಬಿಸೀತು. ಗುಡಾಣವೂ ಬೇಡವೆಂದರೆ ನನ್ನ ಕೈಕಾಲಾದರೂ ಇವೆಯಲ್ಲ. ಹಣ್ಣು, ಗುಡಾಣ, ತಾನು, ಮೂರೂ ಹೊರಟವು.

"ಹೋಗಬ್ಯಾಡ ತಂಗಿ" ಎಂದ ಮಾಳಿಂಗ. "ನಿನ್ನ ತೊಳದು ಬಿಳೀ ಮಾಡಿ ಕಳಿಸಿದ್ರ ನನ್ನ ಕುರಿ ಗುರುತ ಹಿಡಿಯಾಂಗಿಲ್ಲ."

"ನೀನು ಹಿಡೀತಿಯಲ್ಲ ಯಣ್ಣಾ, ಸಾಕು."

"ನಾನಾ? ನಾನು ಮಾರಿ ನೋಡಿ ಗುರುತು ಹಿಡಿಯಾಂವ ಅಲ್ಲ. ಬೈಗುಳ ಕೇಳಿ ಹಿಡೀತೀನಿ."

ಬಾಗಿಲಲ್ಲಿ ಏನೆಂದರು? ನಿಮಗೇ ಬಾಯಿಪಾಠವಾಗಿರಬೇಕು. ಒಳಗೆ ಬರುವುದೆಲ್ಲ ಮೂರು ನೀರು. ಹಣ್ಣು ಉಜ್ಜಿದರು. ಗುಡಾಣವನ್ನು ಇಟ್ಟಿಗೆಪುಡಿ, ತೆಂಗಿನನಾರು ಹಾಕಿ ಒಳಗೂ ಹೊರಗೂ ತಿಕ್ಕಿದರು, ಇಪ್ಪತ್ತು ಸುಗ್ಗಿ ಚರಂಡಿಗೆ ಹೋಯಿತು. ಆಮೇಲೆ ತೊಳೆಯುವ ಹೆಂಗಸರು ಸಂಕವ್ವನನ್ನು ಮರೆಗೆ ಕರೆದೊಯ್ದು ಅದೇ ನಾರಿನಿಂದ ತಿಕ್ಕಿದರು. ಹಿಮ್ಮಡಿಯ ಒಡಕಿನೊಳಗಿನ ಕೆಂಪು ಮಣ್ಣನ್ನು ಕಡ್ಡಿ ಹಾಕಿ ತೆಗೆದರು. ಆ ಮಣ್ಣು ಹೋಗುವುದನ್ನು ನೋಡುವಾಗ, ಉಜ್ಜಿದ್ದಕ್ಕೆ ಬಾರದ ನೀರು ಅವಳ ಕಣ್ಣಿಗೆ ಬಂತು.

ಒಳಗೆ ತುಳಿದಳು, ತುಂಬಿದಳು, ಕಾದಳು. ಮೂರನೆಯ ದಿನ ಕಿವಿ ಹಚ್ಚಿದಳು. ಗುಡಾಣ ಮೂಕ. ಆರನೆಯ ದಿನ, ಮೂಕ. ಒಂಬತ್ತನೆಯ ದಿನವೂ ಕಿವಿ ಹಚ್ಚಿಕೊಂಡೇ ಕೂತಿದ್ದಳು. ಹಿಂದಿನಿಂದ ಯಾರೋ ಕೇಳಿದರು:

"ಏನು ಮಾಡುತ್ತಿದ್ದೀ?"

ತಿರುಗಿದರೆ ಕಿರೀಟ. ಕಿರೀಟದ ಕೆಳಗೆ ಬಿಸಿಲು ಕಾಣದ ಮೂಲಂಗಿಯಂಥ ಮುಖ. ರಾಜ. ಪಕ್ಕದಲ್ಲಿ ಚೊಕ್ಕರಸಯ್ಯ.

"ಕೇಳಾಕತ್ತೀನ್ರಿ, ಧಣ್ಯಾರ. ನಮ್ಮ ತೋಟದಾಗಿದ್ರ ಗುಡಾಣ ಮಾತಾಡ್ತಿತ್ತು. ಹಣ್ಣಿನ ಮೈಮ್ಯಾಲಿನ ಬೂದಿಯೊಳಗ ಜೀವ ಐತ್ರಿ, ಅದೇ ರಸಾನ ಎಬ್ಬಿಸೂದು. ನಿಮ್ಮವರು ಅದನ್ನ ತೊಳದ್ರು. ಗುಡಾಣ ತೊಳದ್ರು. ನನ್ನ ತೊಳದ್ರು. ಮೊದಲ್ನೇ ಸಲ ಹೆಂಡಾನ ತೊಳದ್ರು."

ರಾಜ ಹುಬ್ಬೇರಿಸಿದ. "ಮದ್ಯವನ್ನು ತೊಳೆದಿರೇ, ಚೊಕ್ಕರಸಯ್ಯ?"

"ಛೆ ಛೆ, ಎಲ್ಲಾದರೂ ಉಂಟೆ ಪ್ರಭು? ತೊಳೆಯಲಿಲ್ಲ. ಶುದ್ಧೀಕರಿಸಿದೆವು."

"ಕೇಳಿದೆಯಾ?" ಎಂದ ರಾಜ. "ಶುದ್ಧೀಕರಿಸಿದ್ದಾರೆ. ಶುದ್ಧವಾದದ್ದು ಕೆಡುವುದು ಹೇಗೆ?"

ಇಂಥ ಪ್ರಶ್ನೆಗೆ ಉತ್ತರ ಹೇಳುವವರಿಗೆ ಅರಮನೆಗಳಲ್ಲಿ ಹೆಚ್ಚು ಆಯಸ್ಸಿರುವುದಿಲ್ಲ. ಸಂಕವ್ವ ಮತ್ತೆ ಗುಡಾಣಕ್ಕೆ ಕಿವಿ ಹಚ್ಚಿದಳು. ರಾಜನ ಕಣ್ಣೂ ಗುಡಾಣದ ಮೇಲೇ ಇತ್ತು. ಅವನು ದನಿ ತಗ್ಗಿಸಿ ಕೇಳಿದ: "ನಿಜವಾಗಿ ಮಾತಾಡುತ್ತದೆಯೇ? ಏನನ್ನುತ್ತದೆ?"

"ಹೊಗಳೂದಿಲ್ರಿ ಅದು. ಅಷ್ಟು ಹೇಳಬಲ್ಲೆ."

ರಾಜನಿಗೆ ಆಸೆಯಾಯಿತು. ನಲವತ್ತು ವರ್ಷ ಹೊಗಳಿಕೆ ಕೇಳಿದ ಕಿವಿಗೆ ಒಂದು ಗುಡಾಣದ ಗೊಣಗಾಟವೂ ಸಂಗೀತವೇ. "ಇಲ್ಲಿ ಮಾತಾಡಿಸು."

"ಇಲ್ಲಿ ಮಾತಾಡೂದಿಲ್ರಿ. ಮ್ಯಾಲಿನ ಸಾಲು ಹಣ್ಣಾಗೇತಿ, ಅದೇ ಕಡೀ ಕೊಯ್ಲು. ನೀವ ಬರ್ರಿ ಧಣ್ಯಾರ, ನಮ್ಮ ತೋಟಕ್ಕ."

ಚೊಕ್ಕರಸಯ್ಯ ಹೌಹಾರಿದ. "ಪ್ರಭುಗಳು ಹೊರಗೆ! ನಿಯಮ!"

"ಒಳಗ ಬರೂದಕ್ಕ ನಿಯಮ ಐತ್ರಿ" ಎಂದಳು ಸಂಕವ್ವ ತಣ್ಣಗೆ. "ಹೊರಗ ಹೋಗೂದಕ್ಕ ಐತೇನು?"

ಚೊಕ್ಕರಸಯ್ಯ ನಿಯಮದ ಗ್ರಂಥ ತರಿಸಿದ. ಮೊದಲಿನಿಂದ ಕೊನೆಗೆ ಓದಿದ, ಕೊನೆಯಿಂದ ಮೊದಲಿಗೆ ಓದಿದ. ಇರಲಿಲ್ಲ. ಹೊರಗೆ ಹೋಗುವ ಬುದ್ಧಿ ಯಾವ ರಾಜನಿಗಾದರೂ ಬಂದೀತೆಂದು ಅಜ್ಜನಿಗೆ ಹೊಳೆದಿರಲೇ ಇಲ್ಲ.

ಹೀಗೆ ರಾಜ ಹೊರಗೆ ಬಂದ. ಬಿಸಿಲು ನೋಡಿ "ಇಷ್ಟೊಂದು ದೀಪ ಹಚ್ಚಿದವರಾರು?" ಎಂದ. ಹಳ್ಳ ನೋಡಿ "ಇದು ಯಾವ ನೀರು, ಮೊದಲನೆಯದೋ ಎರಡನೆಯದೋ?" ಎಂದ. ಕುರಿಹಿಕ್ಕೆ ತುಳಿದು, ಬಗ್ಗಿ ನೋಡಿ, ಮಾಳಿಂಗನನ್ನು ಕೇಳಿದ: "ಇದು ಯಾವ ಹಣ್ಣು?"

"ತಿನ್ನಬ್ಯಾಡ್ರಿ ಧಣ್ಯಾರ" ಎಂದ ಮಾಳಿಂಗ. "ಇನ್ನೂ ಕಾಯಿ ಐತಿ."

ಸಂಕವ್ವ ಮೇಲಿನ ಹದಿಮೂರು ಸಾಲು ಕೊಯ್ದಳು. ಕಲ್ಲುತೊಟ್ಟಿಗೆ ಸುರಿದಳು. ರಾಜ ಜರಿಪಂಚೆ ಎತ್ತಿಕಟ್ಟಿ ಇಳಿದ. ಮೊದಲ ತುಳಿತಕ್ಕೆ ಜಾರಿದ, ಎರಡನೆಯದಕ್ಕೆ ಬಿದ್ದ, ಮೂರನೆಯದಕ್ಕೆ ನಗಲು ಶುರುಮಾಡಿದ. ದ್ರಾಕ್ಷಿ ಕಾಲಬೆರಳ ಸಂದಿಯಲ್ಲಿ ಹಾಯುವಾಗ ಯಾರೂ ಗಂಭೀರವಾಗಿರಲಾರರು, ಬೇಕಾದರೆ ತುಳಿದು ನೋಡಿ. ಅತ್ತೆಯ ಗುಡಾಣ ತಿಕ್ಕಿಸಿಕೊಂಡು ಬೋಳಾಗಿತ್ತು. ಆದರೂ ಅದಕ್ಕೇ ತುಂಬಿದಳು. ಹಣ್ಣಿನ ಬೂದಿಯೊಂದೇ ಆ ರಸವನ್ನು ಎಬ್ಬಿಸಬೇಕು. ಎಬ್ಬಿಸದಿದ್ದರೆ ಸುಣ್ಣ.

ಮೊದಲ ದಿನ ಸದ್ದಿಲ್ಲ. ಎರಡನೆಯ ದಿನ ಸದ್ದಿಲ್ಲ. ಸಂಕವ್ವ ಊಟ ಬಿಟ್ಟಳು. ಮಾಳಿಂಗ ಕೂಡ ತಮಾಷೆ ಬಿಟ್ಟ, ಅದು ಊಟ ಬಿಡುವುದಕ್ಕಿಂತ ದೊಡ್ಡದು. ಮೂರನೆಯ ದಿನ ಹೊತ್ತು ಏರುವಾಗ ರಾಜ ಕಿವಿ ಹಚ್ಚಿ ಕೂತವನು ಬೆಚ್ಚಿಬಿದ್ದ.

"ಅಂತು! ಏನೋ ಅಂತು!"

ಸಂಕವ್ವ ಓಡಿಬಂದು ಕಿವಿ ಹಚ್ಚಿದಳು. ಗುಳುಗುಳು. ಗುಳುಗುಳು. ಅವಳು ಗುಡಾಣದ ಕುತ್ತಿಗೆ ತಬ್ಬಿಕೊಂಡು, ಬಹಳ ದಿನಕ್ಕೆ ಸಿಕ್ಕ ತಂಗಿಯನ್ನು ಬೈಯುವ ಹಾಗೆ ಬೈದಳು.

"ಏನನ್ನುತ್ತದೆ?" ಎಂದ ರಾಜ.

"ನಿಮ್ಮ ಕಿವಿ ಕಸ ತಗೀರಿ, ಅಂತದ್ರಿ."

ರಸ ಹೆಂಡವಾಗಲು ನಲವತ್ತು ದಿನ ಹಿಡಿಯಿತು. ಅಷ್ಟು ದಿನವೂ ರಾಜ ತೋಟದಲ್ಲೇ ಉಳಿದ. ಅರಮನೆ? ರಾಜನಿಲ್ಲದಿದ್ದದ್ದು ಅರಮನೆಗೆ ಗೊತ್ತೇ ಆಗಲಿಲ್ಲ. ಕಿರೀಟ ಸಿಂಹಾಸನದ ಮೇಲಿತ್ತು, ಆಸ್ಥಾನದವರು ಅದಕ್ಕೇ ಬಹುಪರಾಕ್ ಹೇಳಿಕೊಂಡಿದ್ದರು. ಕೆಲಸ ಸಲೀಸಾಗಿ ನಡೆದಿತ್ತು.

ನಲವತ್ತೊಂದನೆಯ ದಿನ ಸಂಕವ್ವ ಬಟ್ಟೆಯಲ್ಲಿ ಸೋಸಿ ಒಂದು ಬಟ್ಟಲು ಕೊಟ್ಟಳು. ರಾಜ ಕುಡಿದ. ಕಣ್ಣು ಮುಚ್ಚಿದ. ಬಿಸಿಲು, ಕೆಂಪು ಮಣ್ಣು, ಆ ಹೆಸರಿಲ್ಲದ ಹಳದಿ ಹೂವು, ಎಲ್ಲ ನಾಲಿಗೆಯ ಮೇಲೆ ನಡೆದು ಹೋದವು. ಕಣ್ಣು ಬಿಟ್ಟ. ಹೊಗಳಿದನೇ? ರಾಜರನ್ನು ನೀವಿನ್ನೂ ಕಂಡಿಲ್ಲ.

"ಇದು ಅಮೃತ" ಎಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಹಾಗಾದರೆ ಮೊದಲು ಕಳಿಸಿದ್ದು? ಒಳ್ಳೆಯದನ್ನು ನೀನಿಟ್ಟುಕೊಂಡು ಕೊಳೆನೀರನ್ನು ನನಗೆ ಕಳಿಸಿದೆ. ಇದು ದ್ರೋಹ."

ನೋಡಿದಿರಾ? ನಲವತ್ತು ದಿನ ಅವಳ ರೊಟ್ಟಿ ತಿಂದ ಬಾಯಿ.

ರಾಜನನ್ನು ಕರೆದೊಯ್ಯಲು ಬಂದಿದ್ದ ಚೊಕ್ಕರಸಯ್ಯನ ಮುಖ ಹುಣ್ಣಿಮೆಯಾಯಿತು. "ಸುಣ್ಣ ತರಿಸಲೇ ಪ್ರಭು?"

ಸಂಕವ್ವ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಒಂದು ಸೋರೆಬುರುಡೆಗೆ ಅದೇ ಹೆಂಡ ತುಂಬಿ ರಾಜನ ಕೈಗೆ ಕೊಟ್ಟಳು. "ಧಣ್ಯಾರ, ಇದನ್ನ ನಿಮ್ಮ ಕಣ್ಣಮುಂದ ತುಂಬೀನ್ರಿ, ನೀವ ಹಿಡಕೊಂಡು ಹೋಗ್ರಿ. ಸಿಂಹಾಸನದ ಮ್ಯಾಲೆ ಕುಂತು ಕುಡೀರಿ. ಅಲ್ಲೂ ಇದೇ ರುಚಿ ಇದ್ರ ನಾ ಕಳ್ಳಿ. ನಲವತ್ತು ಸಾಲೂ ಕೀಳಿಸ್ರಿ, ನಾನ ಸಲಿಕೆ ತರ್ತೀನಿ."

ಹೊರಟರು. ಮುಂದೆ ರಾಜ, ಎದೆಗವಚಿದ ಸೋರೆಬುರುಡೆ. ಹಿಂದೆ ಚೊಕ್ಕರಸಯ್ಯ. ಅವನ ಹಿಂದೆ ಸಂಕವ್ವ, ಮಾಳಿಂಗ, ದಾರಿ ತಪ್ಪಿ ಬಂದ ಎರಡು ಕುರಿ.

ಈಗ ಸೆರಗಿನ ಗಂಟು ಬಿಚ್ಚಿ.

ಬಾಗಿಲಲ್ಲಿ ನೂರು ಮಂದಿ ತೊಳೆಯುವವರು. ಎದುರಿಗೆ ಬಿಸಿಲಿಗೆ ಕಪ್ಪಾದ, ಗಡ್ಡ ಬಿಟ್ಟ, ಮೊಣಕಾಲಿನವರೆಗೆ ನೇರಳೆ ಬಣ್ಣದ ಒಬ್ಬ ಮನುಷ್ಯ.

"ದಾರಿ ಬಿಡಿ. ನಾನು ರಾಜ."

"ಯಾರಾದರೇನು? ಒಳಗೆ ಬರುವುದೆಲ್ಲ ಮೂರು ನೀರು."

"ಚೊಕ್ಕರಸಯ್ಯ, ಇವರಿಗೆ ಹೇಳು!"

ಚೊಕ್ಕರಸಯ್ಯ ಲೆಕ್ಕ ಹಾಕಿದ. ರಾಜನನ್ನು ಬಿಟ್ಟರೆ ನಿಯಮ ಸಾಯುತ್ತದೆ. ನಿಯಮ ಸತ್ತರೆ ಅವನ ಖಾತೆ ಸಾಯುತ್ತದೆ. ರಾಜನಿಗೆ ಒಂದು ದಿನ ತಿಕ್ಕಿದರೆ ಏನು ಸಾಯುತ್ತದೆ? ಸ್ವಲ್ಪ ಚರ್ಮ. ಅವನು ಕೈಮುಗಿದ. "ಪ್ರಭು, ತಮ್ಮ ಅಜ್ಜನವರ ಪಾಯಸವನ್ನು ನೆನೆದಾದರೂ..."

ಎಳೆದೊಯ್ದರು. ಒಂದು ಕೊಡ ಅರಿಶಿನ. ಒಂದು ಕೊಡ ಅಂಟುವಾಳ. ಒಂದು ಕೊಡ ಪನ್ನೀರು. ತೆಂಗಿನನಾರು ಹಾಕಿ ಬೆನ್ನು ತಿಕ್ಕಿದರು, ಇಟ್ಟಿಗೆಪುಡಿ ಹಾಕಿ ಕಾಲು ಉಜ್ಜಿದರು, ಕಡ್ಡಿ ಹಾಕಿ ಕಿವಿಯ ಕಸ ತೆಗೆದರು. ರಾಜ ಸೋರೆಬುರುಡೆಯನ್ನು ಕೈಬಿಡಲಿಲ್ಲ. ಅವರೂ ಬಿಡಲಿಲ್ಲ. ಬಿರಡೆ ಕಿತ್ತು ಅದಕ್ಕೂ ಮೂರು ನೀರು ಹೊಯ್ದರು.

ಹೊರಗೆ ಮಾಳಿಂಗ ತುಳುಕಿದ್ದಕ್ಕೆ ಬೊಗಸೆ ಒಡ್ಡಿದ.

ರಾಜ ಕೆಂಪಗೆ, ಬೋಳಾಗಿ, ಘಮಘಮಿಸುತ್ತ ಸಿಂಹಾಸನದ ಮೇಲೆ ಕೂತ. ಸೋರೆಬುರುಡೆ ಎತ್ತಿ ಒಂದು ಗುಟುಕು ಕುಡಿದ. ಮೂಗಿನಿಂದ ಒಂದು ಗುಳ್ಳೆ ಬಂತು. ಮೆಲ್ಲಗೆ ತೇಲಿತು. ತೇಲಿ ಹೋಗಿ ಚೊಕ್ಕರಸಯ್ಯನ ಮೂಗಿನ ತುದಿಗೆ ಕ್ಷಣ ಕೂತು, ಪಟ್ ಎಂದು ಒಡೆಯಿತು.

"ಚೊಕ್ಕರಸಯ್ಯ," ಎಂದ ರಾಜ, "ಈ ರುಚಿ ನನಗೆ ಗೊತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಜ ಬಹಳ ಹೊತ್ತು ಯೋಚಿಸಿದ, ಅಭ್ಯಾಸವಿರಲಿಲ್ಲವಾದ್ದರಿಂದ ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ ಕೇಳಿದ: "ಗಡಿಯಿಂದ ಬರುತ್ತಿದ್ದ ಆ ಖಾಲಿ ಓಲೆಗಳು?"

"ಬಹಳ ಶುದ್ಧವಾದ ಓಲೆಗಳು, ಪ್ರಭು."

ಅವತ್ತೇ ಕುದುರೆಯ ಮೇಲೆ ಆಳು ಕಳಿಸಿ ವಿಚಾರಿಸಿದರೆ, ರಾಜ ಹತ್ತು ವರ್ಷದಲ್ಲಿ ಎರಡು ಯುದ್ಧ ಸೋತಿದ್ದ, ಮೂರನೆಯದನ್ನು ದಂಡನಾಯಕ ಬೇಸತ್ತು ತಾನೇ ಗೆದ್ದಿದ್ದ.

ಸಂಕವ್ವನ ನಲವತ್ತು ಸಾಲು ಉಳಿಯಿತು. ಯಾರೂ ಮುಟ್ಟಬಾರದೆಂದು ರಾಜ ಅಪ್ಪಣೆ ಮಾಡಿದ. ಹಾಗಾದರೆ ನಿಯಮ? ಮುರಿಯುವ ಹಾಗಿಲ್ಲ, ಅಜ್ಜ ಹಾಕಿದ್ದು. ಆದರೆ ಹಳ್ಳದಾಚೆ ನಲವತ್ತು ದಿನ ಇದ್ದು ಬಂದ ರಾಜನಿಗೆ ಸ್ವಲ್ಪ ಬುದ್ಧಿ ಹುದುಗಿತ್ತು.

"ನಿಯಮ ಇರುವುದು ಯಾವುದಕ್ಕೆ?" ಎಂದ.

"ಬಾಗಿಲಿಗೆ, ಪ್ರಭು."

"ನಿಯಮ ಇರಲಿ. ಬಾಗಿಲು ಕಿತ್ತು ಹಾಕಿ. ಸಂಕವ್ವನ ತೋಟದಲ್ಲಿ ನಿಲ್ಲಿಸಿ. ಚೊಕ್ಕರಸಯ್ಯ, ನೀನು ಬಾಗಿಲ ಜೊತೆಗೆ ಹೋಗು. ನಿನ್ನಷ್ಟು ನಿಯತ್ತಿನವನು ಅದಕ್ಕೆ ಬೇರೆ ಸಿಗುವುದಿಲ್ಲ."

ರಾಜರು ಉಪಕಾರ ಮಾಡುವಾಗಲೇ ಹೆಚ್ಚು ಎಚ್ಚರವಿರಬೇಕು. ತೋಟದ ದಾರಿಗೆ ಆ ಬಾಗಿಲು ನಿಂತರೆ ತನ್ನ ಕಾಲಿಗೂ ಗುಡಾಣಕ್ಕೂ ದಿನಾ ಮೂರು ನೀರು! ತಾನೂ ತೊಳೆಸಿಕೊಂಡು ಸಭೆಯಲ್ಲಿ ನಿಂತಿದ್ದ ಸಂಕವ್ವ ಕೂಡಲೇ ಕೈಮುಗಿದಳು. "ನಿಲ್ಲಿಸ್ರಿ ಧಣ್ಯಾರ, ನಮ್ಮ ಪುಣ್ಯ. ಆದ್ರ ಕುರಿ ಬರೋ ದಾರಿಗೆ ನಿಲ್ಲಿಸ್ರಿ."

ಅಂದಿನಿಂದ ಏನಾಯಿತು? ದಿನಾ ಬೆಳಗ್ಗೆ ಮಾಳಿಂಗನ ಕುರಿಗಳು ಆ ದೊಡ್ಡ ಬಾಗಿಲು ದಾಟಿ ತೋಟಕ್ಕೆ ಬಂದವು. ಚೊಕ್ಕರಸಯ್ಯ ಬಿಳೀ ಪಂಚೆ ಎತ್ತಿಕಟ್ಟಿ, ಒಂದೊಂದೇ ಕುರಿಯನ್ನು ಹಿಡಿದು, ಅರಿಶಿನ, ಅಂಟುವಾಳ, ಪನ್ನೀರು ಹಾಕಿ ತೊಳೆದ. ಆ ಸೀಮೆಯಲ್ಲಿ ಅಷ್ಟು ಬೆಳ್ಳಗಿನ ಉಣ್ಣೆ ಯಾರೂ ಕಂಡಿರಲಿಲ್ಲ. "ಇನ್ನೊಂದ್ಸಲ ತಿಕ್ಕರಿ ಮಂತ್ರಿಗಳ, ಕಿವಿ ಹಿಂದ ಐತಿ" ಎಂದು ಮಾಳಿಂಗ ನೆರಳಿಗೆ ಕೂತು ಹೇಳುತ್ತಿದ್ದ. ತೊಳೆಸಿಕೊಂಡ ಕುರಿಗಳು ಒಳಗೆ ಹೋಗಿ, ಹುಲ್ಲು ಮೇಯ್ದು, ನಿಯಮ ಗೊತ್ತಿಲ್ಲದ ಕಡೆಯಿಂದ ಹಿಕ್ಕೆ ಹಾಕುತ್ತಿದ್ದವು.

ಸಂಕವ್ವ ಮಾತ್ರ ಬೇಲಿಯ ಹಿಂದಿನ ಸಂದಿಯಿಂದ ಬಂದು ಹೋದಳು. ಅದು ಬಾಗಿಲಲ್ಲ, ಸಂದಿ. ಸುಗ್ಗಿಗೊಮ್ಮೆ ಅದೇ ಸಂದಿಯಿಂದ ಕಿರೀಟವಿಲ್ಲದ ಒಬ್ಬ ಮನುಷ್ಯ ತೂರಿಬಂದು, ಪಂಚೆ ಎತ್ತಿಕಟ್ಟಿ ತೊಟ್ಟಿಗೆ ಇಳಿಯುತ್ತಿದ್ದ. ಬೋಳಾದ ಗುಡಾಣದ ಗೋಡೆಯಲ್ಲಿ ಮತ್ತೆ ಸುಗ್ಗಿಯ ವಾಸನೆ ಕೂರತೊಡಗಿತ್ತು. ಸಂಕವ್ವ ಕಿವಿ ಹಚ್ಚಿ ಕೇಳುತ್ತಿದ್ದಳು, ಅವಳ ಹಿಮ್ಮಡಿಯ ಒಡಕಿಗೆ ಕೆಂಪು ಮಣ್ಣು ವಾಪಸು ಬಂದಿತ್ತು.

ಅವರು ಅಲ್ಲಿ, ನಾವು ಇಲ್ಲಿ, ಕಥೆ ನಡುವಿನ ಹಳ್ಳದಲ್ಲಿ. ಹೇಳಿದ ಬಾಯಿ ಒಣಗಿತು, ಕೇಳಿದ ಕಿವಿ ತುಂಬಿತು. ಏಳಿ ಇನ್ನು, ಕಥೆಯನ್ನು ಮನೆಗೆ ಒಯ್ಯಿರಿ. ಹೊಸ್ತಿಲಲ್ಲಿ ಮಾತ್ರ ತೊಳೆಯಬೇಡಿ.